ಸೊನೆ ಒಣಗುವ ತನಕ: ಹನೋಯ್ ಕಲಾವಿದರ ಸಹವಾಸ

ವಿಯೆಟ್ನಾಮಿನ ಹನೋಯ್‌ಗೆ ಹೋದವರು ಕಲಾವಿದರನ್ನು ಹುಡುಕಿಕೊಂಡು ಹಳೇಪೇಟೆಯ ಗ್ಯಾಲರಿಗಳಿಗೆ ನುಗ್ಗುತ್ತಾರೆ. ಅಲ್ಲಿ ಸಿಗುವವರು ಬಹುಪಾಲು ಮಾರಾಟದವರು. ನಾನು ಹಿಡಿದ ದಾರಿ ಬೇರೆ: 'ಸೊನ್ ಮಾಯ್' ಎಂಬ ಸೊನೆ ಚಿತ್ರ (ಲ್ಯಾಕರ್ ಚಿತ್ರ) ಮಾಡುವವರ ಕಾರ್ಯಾಗಾರದಲ್ಲಿ ಒಂದು ಚಿಕ್ಕ ಹಲಗೆ ಇಟ್ಟುಕೊಂಡು ಕೆಲಸ ಕಲಿಯುವುದು. ಸೊನ್ ಎಂದರೆ ಮರದ ಸೊನೆ, ಮಾಯ್ ಎಂದರೆ ಉಜ್ಜುವುದು. (ಸೊನ್–ಸೊನೆ ಹೋಲಿಕೆ ಬರೀ ಕಾಕತಾಳೀಯ, ಆದರೆ ನೆನಪಿಡಲು ಸುಲಭ.) ಒಂದು ಪದರ ಒಣಗದೆ ಇನ್ನೊಂದು ಹಚ್ಚುವಂತಿಲ್ಲವಾದ್ದರಿಂದ ಒಂದೇ ದಿನದಲ್ಲಿ ಮುಗಿಸಿ ಎದ್ದು ಬರಲಾಗದು. ಪರಿಚಯ ಬೆಳೆಯುವುದು ಆ ಓಡಾಟದಲ್ಲೇ. ಅದಕ್ಕೇ ಕನಿಷ್ಠ 12–15 ದಿನ ಇಟ್ಟುಕೊಳ್ಳಿ. ಇ-ವೀಸಾ 90 ದಿನದವರೆಗೂ ಸಿಗುತ್ತದೆ, ಒಂದು ಸಲದ ಪ್ರವೇಶಕ್ಕೆ ಶುಲ್ಕ 25 ಡಾಲರ್.

ಮೊದಲ ದಿನ ನ್ಗುಯೆನ್ ಥಾಯ್ ಹೊಕ್ ರಸ್ತೆಯ 66ನೇ ನಂಬರಿನ ಲಲಿತಕಲಾ ಮ್ಯೂಸಿಯಂ. ಈ ಕಲೆಯ ಹೆಸರಾಂತ ಚಿತ್ರಕಾರ ನ್ಗುಯೆನ್ ಜಾ ಚೀ ಅವರ ಸೊನೆ ಚಿತ್ರಗಳನ್ನು ಪಕ್ಕದಿಂದ, ಬೆಳಕು ಓರೆಯಾಗಿ ಬೀಳುವ ಹಾಗೆ ನಿಂತು ನೋಡಿ. ಚಿತ್ರದೊಳಗೆ ಕೂರಿಸಿದ ಮೊಟ್ಟೆಚಿಪ್ಪು ಎಲ್ಲಿದೆ, ಬೆಳ್ಳಿರೇಕು ಎಲ್ಲಿದೆ ತಿಳಿಯುತ್ತದೆ. ಆಮೇಲೆ ಯೆತ್ ಕಿಯೆವ್ ರಸ್ತೆಯ 42ನೇ ನಂಬರಿನ ಕಲಾ ವಿಶ್ವವಿದ್ಯಾಲಯ. 1925ರಲ್ಲಿ ಫ್ರೆಂಚರ ಕಾಲದಲ್ಲಿ ಶುರುವಾದ ಶಾಲೆ ಇದು. ಮನೆಯ ಕಂಬ, ದೇವರ ಪೀಠಗಳಿಗೆ ಬಳಿಯುತ್ತಿದ್ದ ಸೊನೆ ಚಿತ್ರಕಲೆಯಾದದ್ದು ಇಲ್ಲಿನವರ ಕೈಯಲ್ಲೇ. ಇದರ ಪ್ರದರ್ಶನಾಲಯದಲ್ಲಿ ಏನಾದರೂ ಉದ್ಘಾಟನೆ ಇದ್ದರೆ ಹೋಗಿ. ಕಲಾವಿದರು ಸಿಗುವುದು ಅಲ್ಲಿ. ಫೋನ್ ನಂಬರ್ ಬದಲು ಜಾಲೋ (ವಾಟ್ಸಾಪ್‌ನಂಥ ಆ್ಯಪ್) ಕೇಳಿ, ಅಲ್ಲಿ ಎಲ್ಲರೂ ಬಳಸುವುದು ಅದನ್ನೇ.

ಮಾತಿಗೆ ಮೊದಲು ವಯಸ್ಸು ಕೇಳಿದರೆ ಬೇಜಾರಾಗಬೇಡಿ. ವಿಯೆಟ್ನಾಮೀಸ್‌ನಲ್ಲಿ ವಯಸ್ಸು ತಿಳಿಯದೆ ಸರ್ವನಾಮವೇ ಹೊರಡುವುದಿಲ್ಲ. ಆಞ್ ಅಂದರೆ ಅಣ್ಣ, ಚಿ ಅಂದರೆ ಅಕ್ಕ, ಚೂ ಅಂದರೆ ಚಿಕ್ಕಪ್ಪ, ಬಾಕ್ ಅಂದರೆ ದೊಡ್ಡಪ್ಪ. ಇಂಗ್ಲಿಷಿನವರಿಗೆ ತಲೆನೋವಾಗುವ ಈ ಲೆಕ್ಕ ನಮಗೆ ಹುಟ್ಟಿನಿಂದ ಗೊತ್ತು.

ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಹೋಗಿ ಬೆಲೆ ಕೇಳಿ, ಚೌಕಾಸಿ ಮಾಡಿ, ಬರಿಗೈಲಿ ಬರಬೇಡಿ. ಅವರಿಗೂ ಬೋಣಿ ಉಂಟು, 'ಮೊ ಹಾಂಗ್' ಅನ್ನುತ್ತಾರೆ. ಚಾಂದ್ರಮಾಸದ ಮೊದಲ ದಿನಗಳಲ್ಲಂತೂ ಅದು ಇನ್ನೂ ಸೂಕ್ಷ್ಮ. ಮಧ್ಯಾಹ್ನ 12ರಿಂದ 2 ಊಟ, ನಿದ್ದೆ. ನಾನು ಹೋಗುತ್ತಿದ್ದುದು ಒಂಬತ್ತೂವರೆ ಮೇಲೆ. ತೆತ್ ಹಬ್ಬದ (ಅವರ ಚಾಂದ್ರಮಾನ ಹೊಸವರ್ಷ) ಹಿಂದುಮುಂದಿನ ವಾರಗಳನ್ನು ಬಿಟ್ಟುಬಿಡಿ.

ಹಲಗೆಯನ್ನು ನೀವೇ ತಯಾರಿಸಲು ಹೋಗಬೇಡಿ. ಮರಕ್ಕೆ ಬಟ್ಟೆ ಅಂಟಿಸಿ, ಸೊನೆ-ಮಣ್ಣು ಬಳಿದು, ಉಜ್ಜಿ ಕಪ್ಪು ಮಾಡಿದ 'ವೊಕ್' ಸಿದ್ಧ ಸಿಗುತ್ತದೆ. 20×30 ಸೆಂ.ಮೀ. ಸಾಕು. ಸೊನೆಯಲ್ಲಿ ಮುಖ್ಯವಾಗಿ ಎರಡು ಬಗೆ. ಕಬ್ಬಿಣದ ಪಾತ್ರೆಯಲ್ಲಿ ಕಬ್ಬಿಣದ ಸಲಾಕೆಯಿಂದ ಕಲಕಿದರೆ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಮಣ್ಣಿನ ಪಾತ್ರೆಯಲ್ಲಿ ಮರದ ಕೋಲಿನಿಂದ ಕಲಕಿದರೆ ಕಂದು, ಪಾರದರ್ಶಕ. ಇದಕ್ಕೆ 'ಜಿರಲೆ ರೆಕ್ಕೆ' ಎಂದೇ ಹೆಸರು. ಬೆಳ್ಳಿರೇಕಿನ ಮೇಲೆ ಇದನ್ನು ಎಳೆದರೆ ಬಂಗಾರದಂತೆ ಕಾಣುತ್ತದೆ.

ಬಿಳಿ ಬಣ್ಣಕ್ಕೆ ಬಾತುಕೋಳಿ ಮೊಟ್ಟೆಯ ಚಿಪ್ಪು. ಒಳಪೊರೆ ಪೂರ್ತಿ ಕೀಳಬೇಕು. ಒಂದು ಚೂರು ಉಳಿದರೂ ಉಜ್ಜುವಾಗ ಚಿಪ್ಪು ಎದ್ದು ಬರುತ್ತದೆ. ಹಸಿ ಸೊನೆಯ ಮೇಲೆ ಚಿಪ್ಪಿನ ಉಬ್ಬು ಬದಿ ಮೇಲಾಗಿಟ್ಟು ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ತಾನೇ ಬಿರುಕು ಬಿಟ್ಟು ಹರಡುತ್ತದೆ. ಒಣಗಿದ ಮೇಲೆ ಅದರ ಮಟ್ಟಕ್ಕೆ ಸೊನೆ ತುಂಬಿ, ಮತ್ತೆ ಒಣಗಿಸಿ, ನೀರು ಹಾಕಿ ಉಜ್ಜುವುದು: 400 ನಂಬರಿನ ಮರಳು ಕಾಗದದಿಂದ ಶುರು, ಕೊನೆಗೆ 1000–2000, ಆಮೇಲೆ ಇದ್ದಿಲ ಪುಡಿ ಹಾಕಿ ಅಂಗೈಯಿಂದ.

ಹೊಸಬರು ಕೆಡಿಸುವುದು ಎರಡು ಕಡೆ. ಬೇಗ ಮುಗಿಯಲೆಂದು ಸೊನೆ ದಪ್ಪ ಹಚ್ಚುತ್ತಾರೆ. ಮೇಲ್ಪದರ ಗಟ್ಟಿಯಾಗಿ, ಒಳಗೆ ಹಸಿ ಉಳಿದು, ಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತದೆ. ಇನ್ನೊಂದು, ಒಂದೇ ಜಾಗ ಉಜ್ಜಿ ಬೆಳ್ಳಿರೇಕನ್ನೇ ತೆಗೆದುಬಿಡುವುದು. ನಾಲ್ಕು ಸಲ ಉಜ್ಜಿ ಒರೆಸಿ ನೋಡಿ. ಒದ್ದೆಯಿದ್ದಾಗ ಎಲ್ಲವೂ ಚೆಂದವೇ ಕಾಣುತ್ತದೆ, ನಂಬಬೇಡಿ.

ಬಿಸಿಲಲ್ಲಿಟ್ಟು ಒಣಗಿಸುತ್ತೇನೆ ಎಂದರೆ ನಗುತ್ತಾರೆ. ಈ ಸೊನೆ ಗಟ್ಟಿಯಾಗಲು ತೇವ ಬೇಕು, ಅದರೊಳಗಿನ ಕಿಣ್ವ ಕೆಲಸ ಮಾಡುವುದೇ ತೇವದ ಗಾಳಿಯಲ್ಲಿ. ಒದ್ದೆ ಬಟ್ಟೆ ಇಳಿಬಿಟ್ಟ ಮರದ ಪೆಟ್ಟಿಗೆಯಲ್ಲಿಡುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ತುಂತುರು ಮಳೆಯ ಜಿಗುಟು ಹವೆ ಪ್ರವಾಸಿಗರಿಗೆ ಶಾಪ, ಇವರಿಗೆ ಹಬ್ಬ.

ಇನ್ನು ತುರಿಕೆ. ಸೊನೆಮರ ನಮ್ಮ ಮಾವು, ಗೇರುಗಳ ಕುಟುಂಬದ್ದೇ. ಮಾವಿನ ಸೊನೆಗೆ ಅಥವಾ ಹಸಿ ಗೇರುಬೀಜದ ಸಿಪ್ಪೆಗೆ ಮೈ ಉಬ್ಬುವವರು ಇದರ ಹತ್ತಿರ ಹೋಗದಿರುವುದೇ ಮೇಲು. ಉಳಿದವರೂ ತುಂಬು ತೋಳಿನ ಅಂಗಿ, ನೈಟ್ರೈಲ್ ಕೈಗವಸು ಹಾಕಬೇಕು. ಚರ್ಮಕ್ಕೆ ತಾಗಿದರೆ ಮೊದಲು ಅಡುಗೆ ಎಣ್ಣೆಯಿಂದ ಒರೆಸಿ ಆಮೇಲೆ ಸೋಪು. ದದ್ದು ಒಂದೆರಡು ದಿನ ತಡವಾಗಿಯೂ ಏಳಬಹುದು. ಮುಖ ಊದಿದರೆ ಡಾಕ್ಟರ್ ಹತ್ತಿರ ಓಡಿ. ಪ್ರವಾಸಿ ಅಂಗಡಿಗಳ ಅಗ್ಗದ ಮಾಲಿನಲ್ಲಿ ಅಸಲಿ ಸೊನೆ ಕಡಿಮೆ. ಕೃತಕ ಬಣ್ಣವೋ, ಗೇರುಸಿಪ್ಪೆಯ ಎಣ್ಣೆಯಿಂದ ಮಾಡಿದ್ದೋ ಇರುತ್ತದೆ. ಇದನ್ನು ಕಾರ್ಯಾಗಾರದಲ್ಲಿ ಕೇಳಿದರೆ ಅರ್ಧ ಗಂಟೆ ಮಾತು ಗ್ಯಾರಂಟಿ.

ಉಡುಗೊರೆಗೆ ನಾನು ಒಯ್ಯುವುದು ಚನ್ನಪಟ್ಟಣದ ಬುಗುರಿ, ಜೊತೆಗೊಂದು ತುಂಡು ಬಣ್ಣದ ಅರಗು. ಎರಡೂ ಕೈಯಲ್ಲಿ ಕೊಡಬೇಕು. ನಮ್ಮದು ಹುಳುವಿನ ಅರಗು, ಕಡೆಯುವಾಗಿನ ಬಿಸಿಗೆ ಕರಗಿ ಆರಿದರೆ ಗಟ್ಟಿ. ಅವರದು ಮರದ ಸೊನೆ, ತೇವಕ್ಕೆ ಗಟ್ಟಿ. ಅನುವಾದದ ಆ್ಯಪ್ ತಡವರಿಸುತ್ತಿದ್ದರೂ ಬುಗುರಿಯನ್ನು ಉಗುರಿನಿಂದ ಗೀರಿ, ಮೂಸಿ, ಬೆಳಕಿಗೆ ಹಿಡಿದು ನೋಡುವ ಕೈಗೆ ವಿಷಯ ತಲುಪುತ್ತದೆ. ಅವರ ಚಿತ್ರದ ಬೆಲೆ ಕೇಳುವುದಿದ್ದರೆ ಮೂರನೇ ಭೇಟಿಯ ನಂತರ ಕೇಳಿ.

ನಿಮ್ಮ ಹಲಗೆಯನ್ನು ಕೈಚೀಲದಲ್ಲೇ ತನ್ನಿ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಬೇಡಿ, ಹೊಸ ಸೊನೆಯ ಮೇಲೆ ಗುಳ್ಳೆಗಳ ಅಚ್ಚು ಬೀಳುತ್ತದೆ. ಮೊದಲು ಹಳೆಯ ಪಂಚೆ ಬಟ್ಟೆ, ಆಮೇಲೆ ರಟ್ಟು.