ಗಿಟಾರ್ ಬೆನ್ನಿಗೆ ಬೀಟೆಯೇ ಬೇಕಿಲ್ಲ: ಊರ ಮರದ ಹಲಗೆ ಆರಿಸುವುದು ಹೀಗೆ

ಗಿಟಾರ್ ಮಾಡಲು ಬೀಟೆಯೇ (ರೋಸ್‌ವುಡ್) ಆಗಬೇಕೇ, ಬೇರೆ ಯಾವ ಜಾತಿಯ ಮರ ಆದೀತು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಹಲಗೆಯನ್ನು ಮಾತ್ರ ಐದು ನಿಮಿಷದಲ್ಲಿ ಕೊಂಡು ತರುವವರನ್ನು ಬಹಳ ನೋಡಿದ್ದೇನೆ. ಒಬ್ಬ ಹುಡುಗ ತಂದು ತೋರಿಸಿದ ಗಿಟಾರಿನ ಬೆನ್ನು ಹಲಸಿನದು, ಬಣ್ಣ ಬಂಗಾರದಂತಿತ್ತು. ಅಂಟಿಸಿದ್ದು ಮಳೆಗಾಲದಲ್ಲಿ. ಮಾರ್ಚ್ ಹೊತ್ತಿಗೆ ನಡುವಿನ ಜೋಡಣೆಯ ಪಕ್ಕದಲ್ಲೇ ಉಗುರು ತೂರುವಷ್ಟು ಬಿರುಕು. ಹಲಸಿನ ತಪ್ಪಲ್ಲ ಅದು; ಹಸಿ ಹಲಗೆಯ ತಪ್ಪು.

ಮುಖದ ಹಲಗೆ (ತಂತಿಗಳ ಕೆಳಗಿನದು): ಇಲ್ಲಿ ಪ್ರಯೋಗ ಬೇಡ, ಚಳಿನಾಡಿನ ಸೂಚಿಪರ್ಣಿ ಮರವಾದ ಸ್ಪ್ರೂಸನ್ನೇ ತರಿಸಿ. ಉಕ್ಕಿನ ತಂತಿಗಳ ಸುಮಾರು 70 ಕೆ.ಜಿ. ಎಳೆತ ತಡೆದೂ ಹಗುರಾಗಿ ಕಂಪಿಸಬೇಕಾದ ಭಾಗವಿದು. ದನಿಯ ಬಹುಪಾಲು ಇಲ್ಲೇ ಹುಟ್ಟುತ್ತದೆ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು, ಪಕ್ಕಗಳನ್ನು ರಟ್ಟಿನಲ್ಲೇ ಮಾಡಿ ಇದನ್ನು ತೋರಿಸಿದ್ದರು. ಊರ ಮರ ಬಳಸಲು ಬೆನ್ನು ಮತ್ತು ಪಕ್ಕವೇ ಸರಿಯಾದ ಜಾಗ.

ಜಾತಿ: ನನ್ನ ಮೊದಲ ಆಯ್ಕೆ ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಇದೇ ಮರ ಹೊರದೇಶದ ಗಿಟಾರ್ ತಯಾರಕರಲ್ಲಿ ಲೇಸ್‌ವುಡ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ದೂಳು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ತುಂಬುತೋಳಿನ ಅಂಗಿ ಹಾಕಿ. ಎರಡನೆಯದು ಚೇಗು (ಒಳಗಿನ ಗಟ್ಟಿ ತಿರುಳು) ಕಟ್ಟಿದ ಹಲಸು. ವೀಣೆಯ ಕೊಡಕ್ಕೆ ಒಗ್ಗಿದ್ದು ಗಿಟಾರಿಗೂ ಒಗ್ಗುತ್ತದೆ. ಮೂರನೆಯದು ಅಕೇಶಿಯಾ, ಹವಾಯಿಯ ಹೆಸರಾಂತ ಕೋವಾ ಮರದ ನೆಂಟ. ತೇಗ ಬೇಡ, ಅದರ ಎಣ್ಣೆಯಂಶ ಅಂಟು ಸುಲಭವಾಗಿ ಹಿಡಿಯಲು ಬಿಡುವುದಿಲ್ಲ. ‘ಬೀಟೆ ಬಣ್ಣ’ದ ಪಾಲಿಶ್ ಬಳಿದು ಮಾರುವ ಹಲಗೆಯನ್ನಂತೂ ಮುಟ್ಟಬೇಡಿ, ಕೆಳಗಿನ ಗಂಟು, ಹುಳುತೂತು ಯಾವುದೂ ಕಾಣುವುದಿಲ್ಲ.

ಸೀಳು: ಸಾಮಿಲ್ಲಿನಲ್ಲಿ ಹಲಗೆಯ ಮೈ ನೋಡುವ ಮೊದಲು ತುದಿ ನೋಡಿ. ಬೆಳವಣಿಗೆಯ ಗೆರೆಗಳು ಹಲಗೆಯ ಅಗಲಕ್ಕೆ ಲಂಬವಾಗಿ ನೇರ ನಿಂತಿರಬೇಕು. ಬಿಲ್ಲಿನಂತೆ ಬಾಗಿದ್ದರೆ ಬಿಟ್ಟುಬಿಡಿ, ಅಂಥ ಹಲಗೆ ಅಗಲದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತದೆ. ಸಿಲ್ವರ್ ಓಕಿನ ಜಾಲರಿಯಂಥ ಚಿತ್ತಾರ ಅರಳುವುದೂ ಗೆರೆ ನೇರ ನಿಂತಾಗಲೇ. ಬೆನ್ನಿನ ಅರ್ಧಕ್ಕೆ 20 ಸೆಂ.ಮೀ. ಅಗಲ ಬೇಕಾದ್ದರಿಂದ ದಿಮ್ಮಿ 50 ಸೆಂ.ಮೀ.ಗಿಂತ ದಪ್ಪವಿರಬೇಕು. ಸಿಗದಿದ್ದರೆ ನಾಲ್ಕು ತುಂಡು ಜೋಡಿಸಿ, ಅದರಲ್ಲಿ ಸಂಕೋಚವೇನಿಲ್ಲ.

ಒಣಗಿಸುವುದು: ಕೆಡುವುದು ಇಲ್ಲಿಯೇ. ‘ಸೀಸನಿಂಗ್ ಆಗಿದೆ ಸಾರ್’ ಎಂಬ ಮಾತನ್ನು ನಂಬಬೇಡಿ. ಹಲಗೆಯನ್ನು 5 ಮಿ.ಮೀ.ಗೆ ಸೀಳಿಸಿ, ತುದಿಗಳಿಗೆ ಅದೇ ದಿನ ಮೇಣ ಬಳಿಯಿರಿ. ನೀರು ಬೇಗ ಆರುವುದು ತುದಿಯಿಂದ, ಸೀಳುವುದೂ ಅಲ್ಲಿಂದ. ಒಂದೇ ದಪ್ಪದ ಪಟ್ಟಿಗಳನ್ನು ಅಡಿಗೊಂದರಂತೆ ನಡುವೆ ಇಟ್ಟು, ಮೇಲಿನ ಪಟ್ಟಿ ಕೆಳಗಿನದರ ನೇರಕ್ಕೇ ಬರುವಂತೆ ಪೇರಿಸಿ, ಮೇಲೆ ಭಾರ ಹೇರಿ. ಜಾಗ ನೆರಳಿನದು, ಗಾಳಿಯಾಡುವಂಥದು. ಬಿಸಿಲಿಗೆ ಹಾಕಿದರೆ ಹಪ್ಪಳದಂತೆ ಮುರುಟುತ್ತದೆ.

ಪೆನ್ಸಿಲಿನಲ್ಲಿ ಹಲಗೆಯ ಮೇಲೆಯೇ ದಿನಾಂಕ, ತೂಕ ಬರೆಯಿರಿ. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ನನ್ನ ಒಂದು ಹಲಗೆಯ ಮೇಲೆ ಇಂದಿಗೂ ಗ್ರಾಂ ಲೆಕ್ಕದ ಆ ಸಾಲಿದೆ: 612, 588, 571, 563, 560, 560. ತೂಕ ನಿಂತಿತು ಎಂದರೆ ಮರ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಎಂದಷ್ಟೇ ಅರ್ಥ, ಒಣಗಿದೆ ಎಂದಲ್ಲ. ಮಲೆನಾಡಿನ ಜುಲೈ ಗಾಳಿಗೆ ಹೊಂದಿಕೊಂಡ ಹಲಗೆ ಹಸಿಯೇ. ಅದಕ್ಕೆ ಇನ್ನೊಂದು ಪರೀಕ್ಷೆ: ಹಲಗೆಯ ನಡುವಿನ ಚಿಕ್ಕ ತುಂಡನ್ನು ತೂಗಿ, ಓವನ್ನಿನಲ್ಲಿ 100 ಡಿಗ್ರಿಯ ಆಸುಪಾಸು ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 56 ಗ್ರಾಂ ಇದ್ದದ್ದು 50ಕ್ಕೆ ನಿಂತರೆ ತೇವ 12 ಶೇಕಡಾ. ಬೇಕಾದ್ದು 8ರಿಂದ 10. ಅಲ್ಲಿಯವರೆಗೆ ಉಜ್ಜುಗೊರಡು ಮುಟ್ಟಬೇಡಿ. ಅಂಟಿಸುವ ದಿನ ಕೋಣೆಯ ಆರ್ದ್ರತೆ 45ರಿಂದ 50 ಶೇಕಡಾದೊಳಗೆ ಇರಲಿ. ಗೋಡೆಗೆ ತೂಗುಹಾಕುವ ಆರ್ದ್ರತಾಮಾಪಕ ದುಬಾರಿಯೇನಲ್ಲ.

ಪಕ್ಕ ಬಾಗಿಸುವುದು: 2 ಮಿ.ಮೀ.ಗೆ ಇಳಿಸಿ, ಬಿಸಿ ಕೊಳವೆಯ ಮೇಲೆ ಮೊದಲು ಚೂರುಪಟ್ಟಿಯೊಂದನ್ನು ಬಾಗಿಸಿ ನೋಡಿ. ಹಲಸಿನ ಎಳೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸೊಂಟದ ತಿರುವಿನಲ್ಲಿ ಚಕ್ಕೆ ಏಳುತ್ತದೆ. ಅದನ್ನು 1.8ಕ್ಕೆ ಇಳಿಸಿ, ಹೊರಮೈಗೆ ತೆಳು ತಗಡಿನ ಪಟ್ಟಿ ಆನಿಸಿಕೊಂಡೇ ಬಾಗಿಸಿ.