ದೂರದ ರಗ್ಬಿ ಕ್ಲಬ್ಬೊಂದರ ಏಳುಬೀಳಿನ ಲೆಕ್ಕ ಬರೆಯುವುದು ಹೇಗೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಶನಿವಾರ ರಾತ್ರಿ ಮನೆಯಲ್ಲಿ ಇಂಗ್ಲೆಂಡಿನ ರಗ್ಬಿ ನೋಡುವುದು ಹಲವು ವರ್ಷಗಳಿಂದ ಬಂದ ಅಭ್ಯಾಸ. ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಬಂದ ಅಕ್ಕನ ಮಗ ನನ್ನ ಹಳೆಯ ಪುಸ್ತಕವೊಂದನ್ನು ತಿರುವಿ ಹಾಕುತ್ತಾ, "ಮಾವ, ಎರಡು ಸಲ ಯುರೋಪಿನ ಕಪ್ ಗೆದ್ದ ಕ್ಲಬ್ಬು ಬಾಗಿಲು ಮುಚ್ಚುವ ಸ್ಥಿತಿಗೆ ಬರುವುದು ಹೇಗೆ?" ಎಂದು ಕೇಳಿದ. ಅವನು ಕೇಳಿದ್ದು ವಾಸ್ಪ್ಸ್ ಕ್ಲಬ್ಬಿನ ಬಗ್ಗೆ. ಆ ಪ್ರಶ್ನೆಗೆ ಒಂದು ಮಾತಿನ ಉತ್ತರವಿಲ್ಲ, ಆದರೆ ಉತ್ತರವನ್ನು ತಾನೇ ಕಂಡುಕೊಳ್ಳುವ ದಾರಿಯೊಂದಿದೆ. ಯಾವುದೇ ವೃತ್ತಿಪರ ಕ್ಲಬ್ಬನ್ನು ದೂರದಿಂದ ಹಿಂಬಾಲಿಸುವವರಿಗೆ ಉಪಯೋಗಕ್ಕೆ ಬರಬಹುದೆಂದು ಆ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಂಡು ಪ್ರತಿ ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ಸ್ಥಾನ, ಮೈದಾನ, ಜನ, ಋಣ. ಒಂದು ಋತುವಿಗೆ ಒಂದು ಸಾಲು ಸಾಕು. ಇಂಗ್ಲೆಂಡಿನ ರಗ್ಬಿ ಋತು ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗಿ ಮುಂದಿನ ವರ್ಷದ ಬೇಸಿಗೆಯಲ್ಲಿ ಮುಗಿಯುವುದರಿಂದ ಇಸವಿಯನ್ನು 2003-04 ಎಂಬಂತೆ ಜೋಡಿಯಾಗಿಯೇ ಬರೆಯಬೇಕು. ನಮ್ಮ ಅಡಿಕೆಯ ವರ್ಷವೂ ಜನವರಿಗೆ ಶುರುವಾಗುವುದಿಲ್ಲವಷ್ಟೆ. ಲೆಕ್ಕವನ್ನು 1995ರಿಂದ ಆರಂಭಿಸುವುದು ಸರಿ, ಏಕೆಂದರೆ ಆ ವರ್ಷದ ಆಗಸ್ಟಿನಲ್ಲಿಯೇ ರಗ್ಬಿ ಯೂನಿಯನ್ ಆಟ ಅಧಿಕೃತವಾಗಿ ವೃತ್ತಿಪರವಾಯಿತು. ಅದಕ್ಕಿಂತ ಹಿಂದಿನದನ್ನು ಮೊದಲ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸಬಹುದು. ವಾಸ್ಪ್ಸ್ ಹುಟ್ಟಿದ್ದು 1867ರಲ್ಲಿ; ಹೆಸರಿನ ಅರ್ಥ ಕಣಜದ ಹುಳು; ಅಂಗಿಯ ಬಣ್ಣ ಕಪ್ಪು, ಚಿನ್ನದ ಹಳದಿ. 1871ರಲ್ಲಿ ಇಂಗ್ಲೆಂಡಿನ ರಗ್ಬಿಯ ಆಡಳಿತ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಯೂನಿಯನ್ ಸ್ಥಾಪನೆಯಾದ ಸಭೆಗೆ ಇವರ ಪ್ರತಿನಿಧಿ ದಾರಿ ತಪ್ಪಿ ಬೇರೆಲ್ಲಿಗೋ ಹೋಗಿ, ಸ್ಥಾಪಕ ಕ್ಲಬ್ಬೆಂಬ ಗೌರವ ಕೈತಪ್ಪಿತೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ.

ಸ್ಥಾನದ ಕಾಲಂ ತುಂಬುವುದು ಸುಲಭವೆಂದು ಕಾಣುತ್ತದೆ, ಆದರೆ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಇಂಗ್ಲೆಂಡಿನ ಮೇಲ್ದರ್ಜೆಯ ಲೀಗಿನಲ್ಲಿ ಗೆಲುವಿಗೆ ನಾಲ್ಕು ಅಂಕ, ಸಮಬಲಕ್ಕೆ ಎರಡು; ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದು) ಗಳಿಸಿದರೆ ಒಂದು ಬೋನಸ್ ಅಂಕ, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಇನ್ನೊಂದು. ಆದರೆ 2002-03ರಿಂದ ಚಾಂಪಿಯನ್ ಯಾರೆಂಬುದನ್ನು ಅಂಕಪಟ್ಟಿಯ ತುದಿ ತೀರ್ಮಾನಿಸುವುದಿಲ್ಲ. ಮೇಲಿನ ತಂಡಗಳು ಪ್ಲೇಆಫ್ ಆಡಿ ಲಂಡನ್ನಿನ ಟ್ವಿಕೆನ್‌ಹ್ಯಾಮಿನಲ್ಲಿ ಫೈನಲ್ ನಡೆಯುತ್ತದೆ. ಆ ಮೊದಲ ವರ್ಷ ಗ್ಲೌಸ್ಟರ್ ತಂಡ ಪಟ್ಟಿಯಲ್ಲಿ ಬಹಳ ಮುಂದಿದ್ದರೂ ಫೈನಲ್ಲಿನಲ್ಲಿ ವಾಸ್ಪ್ಸ್ 39-3ರಿಂದ ಅದನ್ನು ಮಣಿಸಿತು. ಮುಂದೆ 2004, 2005 ಮತ್ತು 2008ರಲ್ಲಿಯೂ ವಾಸ್ಪ್ಸ್ ಚಾಂಪಿಯನ್ ಆಯಿತು, ಆದರೆ ಆ ನಾಲ್ಕು ಋತುಗಳಲ್ಲಿ ಒಮ್ಮೆಯೂ ಅದು ಪಟ್ಟಿಯ ತುದಿಯಲ್ಲಿರಲಿಲ್ಲ. ತುದಿಯಲ್ಲಿದ್ದ 2016-17ರಲ್ಲಿ ಫೈನಲ್ಲಿನಲ್ಲಿ ಹೆಚ್ಚುವರಿ ಸಮಯದವರೆಗೂ ಹೋರಾಡಿ ಎಕ್ಸೆಟರ್ ಎದುರು 23-20ರಿಂದ ಸೋತಿತು. ಆದ್ದರಿಂದ ಈ ಕಾಲಂನಲ್ಲಿ ಯಾವಾಗಲೂ ಎರಡು ಸಂಖ್ಯೆ ಬರೆಯಿರಿ, ಪಟ್ಟಿಯ ಸ್ಥಾನ ಒಂದು, ಪ್ಲೇಆಫಿನ ಫಲಿತಾಂಶ ಇನ್ನೊಂದು. ಶಿಕ್ಷೆಯಾಗಿ ಅಂಕ ಕಡಿತವಾಗಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಬರೆಯಬೇಕು. ಆಟಗಾರರ ಸಂಬಳದ ಮಿತಿಯನ್ನು ಮೀರಿದ್ದಕ್ಕಾಗಿ ಸಾರಸೆನ್ಸ್ ಕ್ಲಬ್ಬಿಗೆ 2019ರಲ್ಲಿ 35 ಅಂಕ ಕಡಿತವೂ ದೊಡ್ಡ ದಂಡವೂ ಬಿದ್ದು, ಆ ಋತುವಿನ ಕೊನೆಗೆ ಅದು ಕೆಳಗಿನ ದರ್ಜೆಗೆ ಇಳಿದದ್ದನ್ನು ಬರಿಯ ಸೋಲು ಗೆಲುವಿನಿಂದ ಯಾರೂ ಊಹಿಸಲಾಗದು.

ವರ್ಷಕ್ಕೆ ಒಂದು ಪಂದ್ಯವನ್ನಾದರೂ ಪೂರ್ತಿ ನೋಡಿ, ಅದರ ಒಂದು ಗಳಿಗೆಯನ್ನು ಇದ್ದದ್ದು ಇದ್ದ ಹಾಗೆ ಬರೆದಿಡಿ. 2003-04ರ ಸಾಲಿನ ಕೆಳಗೆ ನಾನು ಬರೆದುಕೊಂಡಿರುವುದು ಯುರೋಪಿನ ಹೈನೆಕೆನ್ ಕಪ್ ಫೈನಲ್ಲಿನ ಕೊನೆಯ ನಿಮಿಷಗಳನ್ನು. ಟ್ವಿಕೆನ್‌ಹ್ಯಾಮ್, ಎದುರಾಳಿ ಫ್ರಾನ್ಸಿನ ಟುಲೂಸ್, ಅಂಕ 20-20. ವಾಸ್ಪ್ಸ್‌ನ ರಾಬ್ ಹೌಲಿ ಎಡ ಅಂಚಿನ ಗೆರೆಗುಂಟ ಚೆಂಡನ್ನು ಮುಂದಕ್ಕೆ ಒದ್ದು ಅದರ ಹಿಂದೆ ಓಡಿದರು. ಟುಲೂಸಿನ ಹಿಂಬದಿಯ ಆಟಗಾರ ಕ್ಲೆಮಾನ್ ಪ್ವಾತ್ರೆನೊ ಚೆಂಡಿನ ಹತ್ತಿರವೇ ಇದ್ದರು. ಅದು ತಾನಾಗಿಯೇ ಉರುಳಿ ಗೆರೆ ದಾಟಲಿ, ಆಮೇಲೆ ಅದುಮಿದರಾಯಿತು ಎಂದು ಕಾದರು. ಮೊಟ್ಟೆಯಾಕಾರದ ಚೆಂಡು ಎಲ್ಲಿ ಪುಟಿಯುತ್ತದೆಂದು ಹೇಳಬಲ್ಲವರಿಲ್ಲ. ಅವರು ಕಾದ ಆ ಒಂದು ಕ್ಷಣದಲ್ಲಿ ಹೌಲಿ ಹಿಂದಿನಿಂದ ಬಂದು, ಮೈಚೆಲ್ಲಿ ಬಿದ್ದು, ಚೆಂಡನ್ನು ನೆಲಕ್ಕೊತ್ತಿಬಿಟ್ಟರು. ಟ್ರೈಗೆ ಐದು ಅಂಕ, ಅದರ ಬೆನ್ನಿಗೆ ಗೋಲುಕಂಬಗಳ ನಡುವೆ ಒದ್ದ ಕನ್ವರ್ಷನ್ನಿಗೆ ಎರಡು, ಪಂದ್ಯ 27-20. ಈ ಟಿಪ್ಪಣಿ ಬೇಕಾಗುವುದು ಏಕೆಂದರೆ, ಹತ್ತು ವರ್ಷ ಕಳೆದ ಮೇಲೆ ಪುಸ್ತಕ ತೆರೆದಾಗ ಕ್ಲಬ್ಬಿನ ಸ್ವರ್ಣಕಾಲ ಅಂಕಿಗಳಾಗಿ ಮಾತ್ರ ಉಳಿದಿರಬಾರದು. 2007ರಲ್ಲಿ ಲೆಸ್ಟರ್ ತಂಡವನ್ನು 25-9ರಿಂದ ಸೋಲಿಸಿ ವಾಸ್ಪ್ಸ್ ಅದೇ ಕಪ್ಪನ್ನು ಎರಡನೆಯ ಬಾರಿ ಎತ್ತಿತು.

ಜನರ ಕಾಲಂ ಚಿಕ್ಕದಿರಲಿ: ನಾಯಕ, ಮುಖ್ಯ ಕೋಚ್, ಮಾಲೀಕ, ಈ ಮೂವರ ಹೆಸರು ಸಾಕು. ವಾಸ್ಪ್ಸ್‌ನ ಒಳ್ಳೆಯ ದಿನಗಳಲ್ಲಿ ನಾಯಕ ಲಾರೆನ್ಸ್ ಡಲಾಲಿಯೋ. ಕೋಚ್ ವಾರೆನ್ ಗ್ಯಾಟ್‌ಲೆಂಡ್, ಮುಂದೆ ಇಯಾನ್ ಮೆಕ್‌ಗೀಹನ್. ಡಲಾಲಿಯೋ 2008ರ ಫೈನಲ್ ಗೆದ್ದು ನಿವೃತ್ತರಾದರು. ಅದಾಗಿ ನಾಲ್ಕು ವರ್ಷಕ್ಕೆ, 2011-12ರ ಕೊನೆಯ ದಿನ, ನ್ಯೂಕ್ಯಾಸಲ್ ಎದುರು 14-10ರಿಂದ ಸೋತರೂ ಒಂದೇ ಒಂದು ಅಂಕದ ಅಂತರದಿಂದ ಆ ಕ್ಲಬ್ಬು ಮೇಲಿನ ದರ್ಜೆಯಲ್ಲಿ ಉಳಿಯಿತು. ಈ ಎರಡು ಸಾಲುಗಳನ್ನು ಹತ್ತಿರ ಹತ್ತಿರ ಓದಿದಾಗ, ಒಂದು ತಲೆಮಾರಿನ ಆಟಗಾರರು ಒಟ್ಟಿಗೆ ಹೊರಟುಹೋದರೆ ಏನಾಗುತ್ತದೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ಮೈದಾನದ ಕಾಲಂನಲ್ಲಿ ಮೂರು ಸಂಗತಿ ಬೇಕು: ಎಲ್ಲಿ ಆಡುತ್ತಾರೆ, ಆ ನೆಲ ಯಾರದು, ಹಿಂದಿನ ಊರಿನಿಂದ ಎಷ್ಟು ದೂರ. ವಾಸ್ಪ್ಸ್ ವಿಷಯದಲ್ಲಿ ಈ ಕಾಲಂ ತುಂಬಿ ತುಳುಕುತ್ತದೆ. ಪಶ್ಚಿಮ ಲಂಡನ್ನಿನ ಸಡ್‌ಬರಿಯಲ್ಲಿ ಸ್ವಂತ ಮೈದಾನವಿದ್ದ ಕ್ಲಬ್ಬು, ವೃತ್ತಿಪರ ಕಾಲ ಬಂದ ಮೇಲೆ 1996ರಲ್ಲಿ ಲಾಫ್ಟಸ್ ರೋಡ್ ಎಂಬ ಫುಟ್‌ಬಾಲ್ ಮೈದಾನಕ್ಕೆ ಹೋಯಿತು; 2002ರಲ್ಲಿ ಲಂಡನ್ ಬಿಟ್ಟು ಹೈ ವಿಕಮ್ ಊರಿನ ಆಡಮ್ಸ್ ಪಾರ್ಕಿಗೆ ಬಂತು; 2014ರ ಡಿಸೆಂಬರಿನಲ್ಲಿ ಅಲ್ಲಿಂದ ನೂರು ಕಿಲೋಮೀಟರಿಗೂ ದೂರದ ಕವೆಂಟ್ರಿಗೆ ವಲಸೆ ಹೋಯಿತು. ಶಿವಮೊಗ್ಗದ ತಂಡವೊಂದು ಇನ್ನು ಮುಂದೆ ಚಿತ್ರದುರ್ಗದಲ್ಲಿ ಆಡುತ್ತೇವೆಂದು ಹೊರಟರೆ ನೆಹರೂ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ವರ್ಷಾನುಗಟ್ಟಲೆ ಕೂತು ಕೂಗಿದವರಿಗೆ ಹೇಗನ್ನಿಸೀತು ಎಂಬುದನ್ನು ಎಣಿಸಿಕೊಂಡರೆ, ಅಂದು ಹಳೆಯ ಅಭಿಮಾನಿಗಳಿಗೆ ಆದ ನೋವು ಅರ್ಥವಾಗುತ್ತದೆ. ಕವೆಂಟ್ರಿಯ ಮೊದಲ ಪಂದ್ಯಕ್ಕೆ 28,000ಕ್ಕೂ ಹೆಚ್ಚು ಜನ ಬಂದಿದ್ದರೆಂಬುದನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಅಳಿವಿನಂಚಿನಲ್ಲಿದ್ದ ಕ್ಲಬ್ಬನ್ನು 2013ರಲ್ಲಿ ಕೊಂಡ ಐರಿಷ್ ಉದ್ಯಮಿ ಡೆರೆಕ್ ರಿಚರ್ಡ್‌ಸನ್ ಅವರಿಗೆ, ಬಾಡಿಗೆ ಮೈದಾನದಲ್ಲಿ ಕ್ಲಬ್ಬು ಉಳಿಯುವುದಿಲ್ಲ, ಹೋಟೆಲು ಮತ್ತು ವಸ್ತುಪ್ರದರ್ಶನ ಭವನಗಳಿರುವ ದೊಡ್ಡ ಕ್ರೀಡಾಂಗಣವೇ ಕೈಯಲ್ಲಿದ್ದರೆ ಅದರ ಆದಾಯ ಕ್ಲಬ್ಬನ್ನು ಸಾಕುತ್ತದೆ ಎಂಬ ನಂಬಿಕೆಯಿತ್ತು. ಆ ಎಣಿಕೆಯನ್ನು ತಪ್ಪೆಂದು ನಾನು ಸುಲಭವಾಗಿ ಹೇಳಲಾರೆ.

ಎಣಿಕೆ ಎಲ್ಲಿ ತಪ್ಪಿತೆಂದು ತಿಳಿಯುವುದು ಋಣದ ಕಾಲಂನಲ್ಲಿ. ನಮ್ಮಲ್ಲಿ ತೋಟ ಕೊಳ್ಳುವವರು ಮರಗಳ ಮೇಲಿನ ಗೊನೆ ನೋಡುವುದಕ್ಕೂ ಮೊದಲು ಪಹಣಿ ತೆಗೆಸಿ ಋಣಗಳ ಕಾಲಂ ನೋಡುತ್ತಾರೆ. ಇಂಗ್ಲೆಂಡಿನ ಕ್ಲಬ್ಬುಗಳಿಗೂ ಅಂಥದೇ ಒಂದು ಪಹಣಿಯಿದೆ. ಅಲ್ಲಿನ ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಕ್ಲಬ್ಬನ್ನು ನಡೆಸುವ ಕಂಪನಿಯ ಹೆಸರು ಹಾಕಿ ಹುಡುಕಿದರೆ ವಾರ್ಷಿಕ ಲೆಕ್ಕಪತ್ರಗಳು ಒಂದು ಕಾಸೂ ಕೊಡದೆ ಓದಲು ಸಿಗುತ್ತವೆ. ಅಲ್ಲಿ ಮೂರು ಜಾಗಗಳನ್ನು ನೋಡಿ. 'ಚಾರ್ಜಸ್' ಎಂಬ ಭಾಗದಲ್ಲಿ ಯಾವ ಆಸ್ತಿಯನ್ನು ಯಾರಿಗೆ ಅಡವಿಟ್ಟಿದ್ದಾರೆಂಬುದು ದಾಖಲಾಗಿರುತ್ತದೆ. ಲೆಕ್ಕಪರಿಶೋಧಕರ ವರದಿಯಲ್ಲಿ 'ಗೋಯಿಂಗ್ ಕನ್ಸರ್ನ್' ಎಂಬ ಮಾತನ್ನು ಹುಡುಕಿ; ಮುಂದಿನ ವರ್ಷವೂ ಈ ಸಂಸ್ಥೆ ನಡೆದೀತೇ ಎಂಬ ಬಗ್ಗೆ ಗಂಭೀರ ಸಂದೇಹವಿದ್ದರೆ ಅವರು ಅದನ್ನು ಅಲ್ಲಿ ತಿಳಿಸಲೇಬೇಕು. ಕೊನೆಯದಾಗಿ, ಲೆಕ್ಕ ಸಲ್ಲಿಸಬೇಕಾದ ದಿನಾಂಕ ಮೀರಿದೆಯೇ ನೋಡಿ. ಮಂಡಿಯಲ್ಲಿ ಕೂತು ನಾನು ಕಲಿತಿರುವುದು ಇಷ್ಟು: ಲೆಕ್ಕ ತೋರಿಸಲು ತಡಮಾಡುವವರ ಲೆಕ್ಕವನ್ನು ಎರಡು ಸಲ ನೋಡಬೇಕು.

ವಾಸ್ಪ್ಸ್‌ನ 2014-15ರ ಸಾಲಿನಲ್ಲಿ ಬರೆಯಬೇಕಾದ ಋಣ ಹೀಗಿದೆ. 2015ರಲ್ಲಿ ಕ್ಲಬ್ಬು ಲಂಡನ್ ಷೇರುಪೇಟೆಯ ಮೂಲಕ ಮೂರೂವರೆ ಕೋಟಿ ಪೌಂಡಿನ ಬಾಂಡ್, ಅಂದರೆ ಸಾಲಪತ್ರ, ಹೊರಡಿಸಿತು. ಕೊಂಡವರಲ್ಲಿ ಸಾಮಾನ್ಯ ಅಭಿಮಾನಿಗಳೂ ಇದ್ದರು. ಬಡ್ಡಿ ವರ್ಷಕ್ಕೆ ಶೇಕಡಾ 6.5, ಅಸಲು ತೀರಿಸಬೇಕಾದದ್ದು 2022ರ ಮೇ ತಿಂಗಳಲ್ಲಿ, ಭದ್ರತೆಗೆ ಕ್ರೀಡಾಂಗಣ. ಪೆನ್ಸಿಲ್ ಹಿಡಿದು ಗುಣಿಸಿ ನೋಡಿ: ವರ್ಷಕ್ಕೆ 22 ಲಕ್ಷ 75 ಸಾವಿರ ಪೌಂಡ್ ಬಡ್ಡಿ, ಏಳು ವರ್ಷಕ್ಕೆ ಒಂದೂವರೆ ಕೋಟಿಗೂ ಮೇಲೆ, ಅಸಲು ಇದ್ದಲ್ಲೇ ಇದೆ. ಇದನ್ನು ಗುಣಿಸಿದ ರಾತ್ರಿ ನನಗೆ ನೆನಪಾದದ್ದು ಹೊಸನಗರದ ಕಡೆಯ ಬೆಳೆಗಾರರೊಬ್ಬರು. ಧಾರಣೆ ಏರಿದ ವರ್ಷ ಮುಂದಿನ ಬೆಳೆಯ ಮೇಲೆ ಮುಂಗಡ ಪಡೆದು ಮನೆ ಕಟ್ಟಿಸಿದರು. ಮರುವರ್ಷ ಮಳೆ ಬಿಡದೆ ಹೊಡೆದು, ಬೋರ್ಡೋ ದ್ರಾವಣ ಸಿಂಪಡಿಸಲು ಒಂದು ದಿನವೂ ಬಿಡುವು ಸಿಗದೆ, ತೋಟಕ್ಕೆ ಕೊಳೆ ತಗುಲಿತು. ಅವರ ಪಟ್ಟಿಯನ್ನು ಬರೆದವನು ನಾನೇ. ಮುಂಗಡ, ಬಡ್ಡಿ, ಹಮಾಲಿ ಎಲ್ಲ ಕಳೆದು ಕೆಳಗೆ ಉಳಿದ ಅಂಕಿಯನ್ನು ಅವರು ಎರಡು ಸಲ ಓದಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಸ್ಸಿಗೆ ಹೋದರು. ಅವರು ಸೋಮಾರಿಯಾಗಿರಲಿಲ್ಲ, ದುಂದುಗಾರರೂ ಆಗಿರಲಿಲ್ಲ. ಮುಂದಿನ ಬೆಳೆ ಬಂದೇ ಬರುತ್ತದೆಂದು ನಂಬಿದ್ದರು.

ಕವೆಂಟ್ರಿಗೆ ಬಂದ ಕೊಳೆರೋಗ 2020ರ ಕೊರೊನಾ. ಜನರಿಲ್ಲದ ಕ್ರೀಡಾಂಗಣದಲ್ಲಿ ಟಿಕೆಟಿನ ಹಣವೂ ಇಲ್ಲ, ಪ್ರದರ್ಶನ ಭವನದ ಬಾಡಿಗೆಯೂ ಇಲ್ಲ. ಬಡ್ಡಿ ಮಾತ್ರ ನಿಲ್ಲಲಿಲ್ಲ. ಸ್ಥಾನದ ಕಾಲಂ ಆಗಲೂ ಚೆನ್ನಾಗಿಯೇ ಇತ್ತು, 2020ರ ಅಕ್ಟೋಬರಿನ ಫೈನಲ್ಲಿನಲ್ಲಿ ವಾಸ್ಪ್ಸ್ ಸೋತದ್ದು ಎಕ್ಸೆಟರ್ ಎದುರು 19-13ರಿಂದ. ಎರಡು ವರ್ಷ ತುಂಬುವುದರೊಳಗೆ ಬಾಂಡಿನ ಗಡುವು ಬಂತು, ಹಣ ತೀರಿಸಲಾಗಲಿಲ್ಲ, ತೆರಿಗೆ ಇಲಾಖೆಯ ಬಾಕಿಯೂ ಬೆಳೆದಿತ್ತು. 2022ರ ಸೆಪ್ಟೆಂಬರ್ 21ರಂದು ಸಾಲ ತೀರಿಸಲಾಗದ ಕಂಪನಿಯನ್ನು ವಹಿಸಿಕೊಳ್ಳುವ ಆಡಳಿತಾಧಿಕಾರಿಗಳನ್ನು ನೇಮಿಸುವ ಉದ್ದೇಶದ ನೋಟಿಸನ್ನು ಕ್ಲಬ್ಬು ಸಲ್ಲಿಸಿತು. ಸಾಲ ಕೊಟ್ಟವರು ಸ್ವಲ್ಪ ಕಾಲ ಕೈಹಾಕದಂತೆ ಅಲ್ಲಿನ ಕಾನೂನು ಕೊಡುವ ರಕ್ಷಣೆ ಅದು; ಆ ಕಾಲದೊಳಗೆ ಕೊಳ್ಳುವವರು ಸಿಗಬೇಕು. ಸಿಗಲಿಲ್ಲ. ಅಕ್ಟೋಬರ್ 17ರಂದು ಕ್ಲಬ್ಬು ಆಡಳಿತಾಧಿಕಾರಿಗಳ ವಶವಾಗಿ, ಆಟಗಾರರು ಮತ್ತು ಸಿಬ್ಬಂದಿ ಸೇರಿ 167 ಜನ ಒಂದೇ ದಿನ ಕೆಲಸ ಕಳೆದುಕೊಂಡರು. ಈ ಸಂಖ್ಯೆಯನ್ನು ಋಣದ ಕಾಲಂನಲ್ಲಿ ಬರೆಯಬೇಡಿ, ಜನರ ಕಾಲಂನಲ್ಲಿ ಬರೆಯಿರಿ.

ಒಂದು ಕ್ಲಬ್ಬಿನ ಪುಟವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಅದೇ ಋತುವಿನಲ್ಲಿ ವೂಸ್ಟರ್ ಕೂಡ ಕುಸಿಯಿತು, 2023ರ ಬೇಸಿಗೆಯಲ್ಲಿ ಲಂಡನ್ ಐರಿಷ್ ಹೊರಬಿತ್ತು, 13 ಕ್ಲಬ್ಬುಗಳಿದ್ದ ಮೇಲ್ದರ್ಜೆ 10ಕ್ಕೆ ಇಳಿಯಿತು. ಆದ್ದರಿಂದ ವಾಸ್ಪ್ಸ್‌ನ ಪತನವನ್ನು ಒಬ್ಬ ಮಾಲೀಕರ ತಲೆಗೆ ಕಟ್ಟುವುದು ಅನ್ಯಾಯ. ಆಟಗಾರರ ಸಂಬಳಕ್ಕೆ ಹೊಂದುವಷ್ಟು ಆದಾಯವಿಲ್ಲದಿರುವುದು ಆ ಇಡೀ ಲೀಗಿನ ಕಾಯಿಲೆ. ಹೋಲಿಕೆಗೆ ಲೆಸ್ಟರ್ ಒಳ್ಳೆಯ ಪುಟ. 1892ರಿಂದ ವೆಲ್‌ಫರ್ಡ್ ರೋಡಿನಲ್ಲೇ ಆಡುತ್ತಿರುವ ಆ ಕ್ಲಬ್ಬು 2018-19 ಮತ್ತು 2019-20ರಲ್ಲಿ ಸತತವಾಗಿ 11ನೆಯ ಸ್ಥಾನಕ್ಕೆ ಕುಸಿದು, 2022ರ ಜೂನಿನಲ್ಲಿ ಸಾರಸೆನ್ಸ್ ಎದುರು 15-12ರಿಂದ ಗೆದ್ದು ಮತ್ತೆ ಚಾಂಪಿಯನ್ ಆಯಿತು. ಫೈನಲ್ ಆಡಿದ ಕ್ಲಬ್ಬು ಎರಡು ವರ್ಷಕ್ಕೆ ಅಳಿದದ್ದನ್ನೂ, ಪಟ್ಟಿಯ ತಳಕ್ಕೆ ಬಿದ್ದ ಕ್ಲಬ್ಬು ಎರಡು ವರ್ಷಕ್ಕೆ ಎದ್ದದ್ದನ್ನೂ ಎದುರುಬದುರು ಪುಟಗಳಲ್ಲಿ ಬರೆದುಕೊಳ್ಳಿ. ಅಕ್ಕನ ಮಗನಿಗೆ ನಾನು ತೋರಿಸಿದ್ದು ಆ ಎರಡು ಪುಟಗಳನ್ನು.

ಇನ್ನು ಉಳಿದದ್ದು ರೂಢಿಯ ಮಾತು. ಚಳಿಗಾಲದಲ್ಲಿ ಅಲ್ಲಿನ ಮಧ್ಯಾಹ್ನ ಮೂರರ ಪಂದ್ಯ ನಮಗೆ ರಾತ್ರಿ ಎಂಟೂವರೆಗೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಮುಂದಿಟ್ಟ ಮೇಲೆ ಏಳೂವರೆಗೆ. ಸ್ಥಾನದ ಕಾಲಂ ಅನ್ನು ತಿಂಗಳಿಗೊಮ್ಮೆ, ಜನರ ಕಾಲಂ ಅನ್ನು ಋತುವಿನ ಆರಂಭ ಮತ್ತು ಕೊನೆಯಲ್ಲಿ, ಋಣದ ಕಾಲಂ ಅನ್ನು ಹೊಸ ಲೆಕ್ಕಪತ್ರ ಬಂದಾಗ ತುಂಬಿದರೆ ಸಾಕು. ಕ್ಲಬ್ಬು ಮುಚ್ಚಿತೆಂದು ಪುಟವನ್ನು ಅಡ್ಡಗೆರೆ ಎಳೆದು ಮುಗಿಸಬೇಡಿ. ವೃತ್ತಿಪರ ತಂಡ ಬೇರೆಯಾದಾಗ ಹಿಂದೆ ಉಳಿದ ಹವ್ಯಾಸಿ ಕ್ಲಬ್ಬು ವಾಸ್ಪ್ಸ್ ಎಫ್‌ಸಿ ಎಂಬ ಹೆಸರಿನಲ್ಲಿ ಪಶ್ಚಿಮ ಲಂಡನ್ನಿನ ಆಕ್ಟನ್‌ನ ಟ್ವೈಫರ್ಡ್ ಅವೆನ್ಯೂ ಮೈದಾನದಲ್ಲಿ ತನ್ನ ಪಾಡಿಗೆ ತಾನು ಆಡುತ್ತಾ ಬಂದಿದೆ. ಅದಕ್ಕೆ ಬೇರೆ ಪುಟ ತೆರೆದು, ಅದೇ ನಾಲ್ಕು ಕಾಲಂ ಎಳೆಯಿರಿ.