ಈಸ್ಟ್ರೋಜನ್ ರಿಪೋರ್ಟ್ ಓದುವುದು ಹೇಗೆ?

ಎಸ್ಟ್ರಾಡಿಯಾಲ್ ಅಂದರೆ ಮುಖ್ಯವಾದ ಈಸ್ಟ್ರೋಜನ್. ಅದರ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದರೆ ಕಣ್ಣು ನೇರವಾಗಿ ಅಂಕಿಯ ಮೇಲೆ ಹೋಗುತ್ತದೆ. ಜಾಸ್ತಿ ಇದೆಯಾ, ಕಡಿಮೆ ಇದೆಯಾ? ಆದರೆ ಅದು ಒಟ್ಟು ಲೆಕ್ಕ. ಅದರಲ್ಲಿ 100ಕ್ಕೆ ಸುಮಾರು 2 ಪಾಲು ಮಾತ್ರ ಬಿಡಿಯಾಗಿ, ದೇಹದ ಬಳಕೆಗೆ ನೇರವಾಗಿ ಸಿಗುವಂತೆ ಇರುತ್ತದೆ. ಉಳಿದದ್ದು ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದೆ.

ಯಾಕೆ ಅಂಟಿಕೊಳ್ಳಬೇಕು? ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವುದನ್ನು ನೋಡಿದ್ದೀರಲ್ಲ. ಈಸ್ಟ್ರೋಜನ್ ತಯಾರಾಗುವುದು ಕೊಲೆಸ್ಟರಾಲ್‌ನಿಂದ. ಅದಕ್ಕೂ ನೀರಿನ ಜೊತೆ ಅಷ್ಟಾಗಿ ಹೊಂದಿಕೆಯಿಲ್ಲ. ರಕ್ತದ ಪ್ಲಾಸ್ಮಾದಲ್ಲಿ ಬಹುಪಾಲು ನೀರೇ ಇರುವುದರಿಂದ ಅದನ್ನು ಹೊತ್ತೊಯ್ಯಲು ಪ್ರೋಟೀನ್ ಬೇಕು.

ರಿಪೋರ್ಟ್ ಹಿಡಿದಾಗ ಮೊದಲು ರಕ್ತ ಕೊಟ್ಟ ದಿನ ನೋಡಿ. ಮುಟ್ಟಿನ 2–3ನೇ ದಿನ ಎಸ್ಟ್ರಾಡಿಯಾಲ್ ಕಡಿಮೆ ಇರುತ್ತದೆ. ಅಂಡ ಬಿಡುಗಡೆಗೆ ಸ್ವಲ್ಪ ಮುಂಚೆ ಹಲವು ಪಟ್ಟು ಏರುತ್ತದೆ. ದಿನ ಗೊತ್ತಿಲ್ಲದೆ ಅಂಕಿ ಹೋಲಿಸಿದರೆ ಸುಮ್ನೆ ಗಾಬರಿ.

ಆಮೇಲೆ ಎಸ್‌ಎಚ್‌ಬಿಜಿ ಎಂಬ ಸಾಲು ಇದೆಯೇ ಹುಡುಕಿ. ನನ್ನ ಪ್ರಕಾರ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ. ಇದು ಲಿವರ್ ತಯಾರಿಸುವ, ಲೈಂಗಿಕ ಹಾರ್ಮೋನ್‌ಗಳನ್ನು ಹಿಡಿದು ಹೊರುವ ಪ್ರೋಟೀನ್. ಪ್ರಮಾಣ ಕಡಿಮೆ, ಆದರೆ ಹಿಡಿತ ಬಿಗಿ. ಈಸ್ಟ್ರೋಜನ್‌ಗಿಂತ ಟೆಸ್ಟೋಸ್ಟಿರೋನನ್ನು (ಹೆಂಗಸರಲ್ಲೂ ಸ್ವಲ್ಪ ಇರುವ ಪುರುಷ ಹಾರ್ಮೋನ್) ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಬೊಜ್ಜು, ಇನ್ಸುಲಿನ್ ಜಾಸ್ತಿಯಾಗುವುದು, ಥೈರಾಯ್ಡ್ ಕಡಿಮೆಯಾಗುವುದು, ಇವೆಲ್ಲ ಎಸ್‌ಎಚ್‌ಬಿಜಿಯನ್ನು ಇಳಿಸುತ್ತವೆ. ಪಿಸಿಒಡಿ (ಅಂಡಾಶಯ ಮತ್ತು ಹಾರ್ಮೋನ್‌ಗಳ ತೊಂದರೆ) ಇರುವ ಎಷ್ಟೋ ಹುಡುಗಿಯರಲ್ಲಿ ಆಗುವುದು ಇದೇ. ಒಟ್ಟು ಟೆಸ್ಟೋಸ್ಟಿರೋನ್ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಬಿಡಿಯಾಗಿರುವ ಪಾಲು ಏರುತ್ತದೆ. ಮೊಡವೆ, ಗಲ್ಲದ ಮೇಲೆ ಕೂದಲು ಬರುತ್ತವೆ. "ರಿಪೋರ್ಟ್ ನಾರ್ಮಲ್ ಇದೆ" ಎಂದು ಅವರ ಕಷ್ಟವನ್ನು ತಳ್ಳಿಹಾಕಬಾರದು ಅಲ್ವಾ? ಗರ್ಭಿಣಿಯರಲ್ಲಿ ಇದಕ್ಕೆ ತದ್ವಿರುದ್ಧ. ಎಸ್‌ಎಚ್‌ಬಿಜಿ ಹಲವು ಪಟ್ಟು ಹೆಚ್ಚುತ್ತದೆ.

ಇನ್ನೊಂದು ಪ್ರೋಟೀನ್ ಅಲ್ಬುಮಿನ್. ಒಂದು ಲೀಟರ್ ರಕ್ತದ ಪ್ಲಾಸ್ಮಾದಲ್ಲಿ 35ರಿಂದ 50 ಗ್ರಾಂ ಇರುತ್ತದೆ. ಹಿಡಿತ ಸಡಿಲ, ಆದರೆ ಸಂಖ್ಯೆ ಅಪಾರ. ಹಾಗಾಗಿ ಎಸ್ಟ್ರಾಡಿಯಾಲ್‌ನ ಅರ್ಧಕ್ಕಿಂತ ಹೆಚ್ಚು ಇದರ ಮೇಲೇ ಇರುತ್ತದೆ. ಹಿಡಿದಷ್ಟೇ ಬೇಗ ಬಿಡುತ್ತದೆ ಕೂಡ. ಅದಕ್ಕೇ ಬಿಡಿ ಪಾಲು ಮತ್ತು ಅಲ್ಬುಮಿನ್ ಮೇಲಿನ ಪಾಲು ಸೇರಿಸಿ, ಇಷ್ಟು ದೇಹದ ಬಳಕೆಗೆ ಸಿಗುತ್ತದೆ ಎಂದು ಲೆಕ್ಕ ಹಾಕುವ ಪದ್ಧತಿಯಿದೆ. ಲಿವರ್ ಅಥವಾ ಕಿಡ್ನಿ ಕಾಯಿಲೆಯಿಂದ ಅಲ್ಬುಮಿನ್ ಇಳಿದಿದ್ದರೆ ಈ ಲೆಕ್ಕ ಹಾಕುವವರಿಗೆ ಅದನ್ನು ತಿಳಿಸಬೇಕು.

ಕೊನೆಗೆ, ನೀವು ತೆಗೆದುಕೊಳ್ಳುವ ಔಷಧಿಯ ಚೀಟಿಯನ್ನು ರಿಪೋರ್ಟ್ ಜೊತೆ ಇಡಿ. ಈಸ್ಟ್ರೋಜನ್ ಮಾತ್ರೆ ನುಂಗಿದಾಗ ಅದು ಕರುಳಿನಿಂದ ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ಎಸ್‌ಎಚ್‌ಬಿಜಿ ತಯಾರಿಕೆ ಹೆಚ್ಚಿಸುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್‌ನಲ್ಲಿ ಈ ಏರಿಕೆ ತೀರಾ ಕಡಿಮೆ. ಥೈರಾಯ್ಡ್ ಹಾರ್ಮೋನ್ ಹೊರುವ ಪ್ರೋಟೀನ್ ಕೂಡ ಮಾತ್ರೆಯಿಂದ ಹೆಚ್ಚುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಈಸ್ಟ್ರೋಜನ್ ಮಾತ್ರೆ ಶುರು ಮಾಡಿದರೆ, ಕೆಲವು ವಾರ ಬಿಟ್ಟು ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ) ಮತ್ತೆ ನೋಡಬೇಕೇ ಎಂದು ಡಾಕ್ಟರನ್ನು ಕೇಳಿ.